ಕುಕ್ಕರಗಾಲಿನ ಪಾತ್ರಧಾರಿ

ನಾಟಿಂಗ್‌ಹ್ಯಾಮ್
11 ಫೆಬ್ರವರಿ 2002

ಅಪ್ಪಾಜಿ, ಶರಣು.

ಕಾಲೇಜಿಗೆ ರಜೆ ಹಾಕುವ ವಿಷಯ ಹೇಳಲು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಮಾತು ಮುಗಿಯುವ ಮೊದಲೇ ರಿಸೀವರ್ ಕುಕ್ಕಿದಿರಿ. ನಾಲ್ಕನೇ ಸಲ ಅವ್ವ ಎತ್ತಿ ನಿಮ್ಮ ಅಪ್ಪಣೆ ಹೇಳಿದಳು: ಏನಿದ್ದರೂ ಕಾಗದದಲ್ಲಿ ಬರೆಯಬೇಕು, ಅದೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಜಗಳಾಡಿದರೆ ನಾನೇ ಗೆಲ್ಲುತ್ತೇನಂತೆ. ಆಗಲಿ. ನೀವು ನಮ್ಮನ್ನು ಇಲ್ಲಿಗೆ ಕರೆಸಿಕೊಳ್ಳುವ ಮೊದಲು ಗದಗಿನಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತ ಕನ್ನಡ, ಆಮೇಲೆ ಹಡರ್ಸ್‌ಫೀಲ್ಡಿನ ಅಡಿಗೆಮನೆಯಲ್ಲಿ ಪ್ರತಿ ರವಿವಾರ ನೀವೇ ಕಿವಿ ಹಿಂಡಿ ಉಳಿಸಿದ ಕನ್ನಡ. ನೀವು ಕೊಟ್ಟ ಕತ್ತಿಯಿಂದಲೇ ನಿಮ್ಮೆದುರು ನಿಲ್ಲುತ್ತೇನೆ.

ಶನಿವಾರ ಆಸ್ಪತ್ರೆಯ ವಾರ್ಡಿನಲ್ಲಿ ಇರುತ್ತೇನೆ ಎಂದು ಮೂರು ವರ್ಷ ಹೇಳಿದ್ದು ಸುಳ್ಳು. ನಾನು ಬೇಸ್‌ಬಾಲ್ ಆಡುತ್ತಿದ್ದೆ. ಮಲ್ಲಪ್ಪ ಮಾಮಾ ಮ್ಯಾಕಲ್ಸ್‌ಫೀಲ್ಡಿನಿಂದ ಕಾರು ತಂದು ಕರೆದೊಯ್ಯುತ್ತಿದ್ದ. ಅವನನ್ನು ಬೈಯಬೇಡಿ, ಬೈದರೆ ಅರ್ಧ ಪಾಲು ನನಗಿರಲಿ.

ನಾನು ಕ್ಯಾಚರ್. ನಿಮಗೆ ತಿಳಿಯುವ ಹಾಗೆ ಹೇಳಬೇಕೆಂದರೆ ವಿಕೆಟ್‌ಕೀಪರ್ ಇದ್ದಂತೆ, ಆದರೆ ಬ್ಯಾಟಿನ ಬೆನ್ನಿಗೇ ಕುಕ್ಕರಗಾಲಲ್ಲಿ ಕೂರುತ್ತೇನೆ. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಕವಚ. ಚೆಂಡೆಸೆಯುವವ ಯಾವ ಚೆಂಡು ಎಸೆಯಬೇಕೆಂದು ತೊಡೆ ಸಂದಿಯಲ್ಲಿ ಬೆರಳು ತೋರಿಸಿ ಹೇಳುವವನು ನಾನು. ಹೋದ ಬೇಸಿಗೆಯಲ್ಲಿ ಅಮೆರಿಕದ ಒಬ್ಬ ಕೋಚ್ ನನ್ನ ಆಟ ನೋಡಿದ. ಇಂಡಿಯಾನಾದ ಒಂದು ಸಣ್ಣ ವೃತ್ತಿಪರ ತಂಡ ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕರೆದಿದೆ. ಗೆದ್ದರೆ ಒಂದು ಋತುವಿನ ಒಪ್ಪಂದ.

ಕಾಲೇಜಿನಲ್ಲಿ ರಜೆ ಬರೆದುಕೊಟ್ಟಿದ್ದೇನೆ. ಸೆಪ್ಟೆಂಬರ್ 20ಕ್ಕೆ ಮರಳದಿದ್ದರೆ ಮೆಡಿಕಲ್ ಸೀಟು ಹೋಗುತ್ತದೆ. ನಿಮ್ಮ ಅನುಮತಿ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಚಿನ್ಮಯ


ಹಡರ್ಸ್‌ಫೀಲ್ಡ್
17 ಫೆಬ್ರವರಿ 2002

ಭಲೇ ಚಿನ್ಮಯ, ಭಲೇ.

‘ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.’ ಈ ಮಾತನ್ನು ಹಾಲ್‌ನಲ್ಲಿ ನಿಂತು ಎರಡು ಸಲ ಗಟ್ಟಿಯಾಗಿ ಓದಿದೆ. ಮಾತಿಗೆ ತೂಕ ಇದೆ. ಕಂಪನಿ ನಾಟಕದಲ್ಲಿ ಮಗ ತಂದೆಯ ದರ್ಬಾರು ಬಿಟ್ಟು ಹೊರಡುವಾಗ ಇಂಥ ಮಾತು ಬಂದರೆ ಗದಗಿನ ಜನ ಒನ್ಸ್ ಮೋರ್ ಅಂತಿದ್ದರು. ನಿಮ್ಮವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ತಂದೀ ಹಂಗ ಮಗಾ ಆಗ್ಯಾನ, ಇನ್ನ ಯಾರನ್ನ ಬೈತೀರಿ’ ಅಂದಳು.

ಇಪ್ಪತ್ತೆಂಟು ವರ್ಷದಿಂದ ಈ ದೇಶದ ಗಂಟಲು ನೋಡುತ್ತಿರುವ ಡಾಕ್ಟರ್ ಶರಣಪ್ಪನ ಮಗ ನೀನು. ಗದಗಿನಲ್ಲಿ ಕಂಪನಿಯ ಥಿಯೇಟರಿನ ಬೆನ್ನಿಗಿದ್ದ ಮನೆಯಲ್ಲಿ ನಾನು ಬೆಳೆದೆ. ಮೂರನೇ ಗಂಟೆ ಬಾರಿಸಿ ಪರದೆ ಎದ್ದಾಗ ಬೆಳಕು ಯಾರ ಮುಖದ ಮೇಲೆ ಬೀಳುತ್ತದೆ ಎಂದು ನೋಡಿ ನೋಡಿ ದೊಡ್ಡವನಾದೆ. ನನ್ನ ಮಗ ಆ ಬೆಳಕಿನಲ್ಲಿ ನಿಲ್ಲಬೇಕು ಎಂದುಕೊಂಡಿದ್ದೆ. ನೀನೋ ಮುಖಕ್ಕೆ ಜಾಲರಿ ಕಟ್ಟಿಕೊಂಡು, ಹೊಲದಲ್ಲಿ ಚೆಂಬು ಹಿಡಿದು ಕೂತವನ ಹಾಗೆ ಕೂತು, ತೊಡೆ ಸಂದಿಯಲ್ಲಿ ಬೆರಳು ಆಡಿಸುತ್ತೀಯಂತೆ. ಇದು ಎಂಥ ಪಾತ್ರವೋ? ಯಾವ ಹ್ಯಾಂಡ್‌ಬಿಲ್ಲಿನಲ್ಲಿ ಇದರ ಹೆಸರು ಬರುತ್ತದೆ?

ಹೋಗು. ತಡೆದರೆ ಕದ್ದು ಹೋಗುವವ ನೀನು. ಆದರೆ ಮೂರು ಮಾತು ಕೇಳು. ಒಂದು, ಕಾಗದ ಕನ್ನಡದಲ್ಲೇ ಬರಬೇಕು. ಎರಡು, ಸೆಪ್ಟೆಂಬರ್ 20ಕ್ಕೆ ನಾಟಿಂಗ್‌ಹ್ಯಾಮಿನಲ್ಲಿರಬೇಕು. ಮೂರು, ಎಂಟನೇ ವರ್ಷ ದೀಕ್ಷೆಯಾದಾಗ ಸ್ವಾಮಿಗಳು ನಿನ್ನ ಕೊರಳಿಗೆ ಕಟ್ಟಿದ ಲಿಂಗ ಮೈಬಿಟ್ಟು ಒಂದು ಗಳಿಗೆ ಇಳಿಯಬಾರದು. ಮೊದಲ ಎರಡರಲ್ಲಿ ತಪ್ಪಿದರೆ ಬೈಯುತ್ತೇನೆ. ಮೂರನೆಯದರಲ್ಲಿ ತಪ್ಪಿದರೆ ಬೈಯುವುದಿಲ್ಲ.

ಮಲ್ಲಪ್ಪನಿಗೆ ಆಗಬೇಕಾದ ಪೂಜೆ ಫೋನಿನಲ್ಲಿ ಆಗಿದೆ. ನಿನ್ನ ಅರ್ಧ ಪಾಲು ಬಾಕಿ ಇದೆ.

ನಿನ್ನ ತಂದೆ


ಇಂಡಿಯಾನಾ
28 ಮೇ 2002

ಅಪ್ಪಾಜಿ,

ಗೆದ್ದೆ. ಇಪ್ಪತ್ತೆರಡು ಮಂದಿಯ ತಂಡದಲ್ಲಿ ಮೂವರು ಕ್ಯಾಚರ್‌ಗಳು, ಮೂರನೆಯವ ನಾನು. ಅಂಗಿಯ ಬೆನ್ನಿಗೆ ನಮ್ಮ ಮನೆತನದ ಹೆಸರು ಹೊಲಿದಿದ್ದಾರೆ, ಒಂದು ಅಕ್ಷರ ಹೆಚ್ಚೇ ಇದೆ. ತಂಡದ ಹುಡುಗರು ‘ಯಾರ್ಕ್‌ಷೈರ್’ ಎಂದು ಕರೆಯುತ್ತಾರೆ. ನನ್ನ ಮೈಬಣ್ಣ ನೋಡಿ, ನನ್ನ ಮಾತು ಕೇಳಿ, ಎರಡಕ್ಕೂ ಸಂಬಂಧ ಹತ್ತದೆ ಒದ್ದಾಡುತ್ತಾರೆ.

ಯಾವ ಹ್ಯಾಂಡ್‌ಬಿಲ್ ಎಂದು ಕೇಳಿದ್ದಿರಿ. ಬಸ್ಸಿನಲ್ಲಿ ಒಂಬತ್ತು ತಾಸು ಕೂತು ಯೋಚಿಸಿದೆ. ನಾಟಕದಲ್ಲಿ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಒಬ್ಬ ಕೂತಿರುತ್ತಿದ್ದ ಎಂದು ನೀವೇ ಹೇಳುತ್ತಿದ್ದಿರಲ್ಲ, ರಾಜ ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುವ ಪ್ರಾಂಪ್ಟರ್? ಕ್ಯಾಚರ್ ಅಂದರೆ ಅವನೇ. ಎಸೆಯುವವ ರಾಜ. ಅವನಿಗೆ ಕೈ ನಡುಗಿದಾಗ, ತಲೆ ಕೆಟ್ಟಾಗ, ಮುಂದಿನ ಮಾತು ಯಾವುದೆಂದು ಬೆರಳಲ್ಲಿ ಹೇಳುವವನು ನಾನು. ಆಟಗಾರರಲ್ಲಿ ಇಡೀ ಮೈದಾನ ಎದುರಿಗೆ ಇಟ್ಟುಕೊಂಡು ಕೂರುವವನು ಒಬ್ಬನೇ, ಉಳಿದ ಎಂಟು ಮಂದಿಯೂ ನನ್ನ ಕಡೆ ಮುಖ ಮಾಡಿ ನಿಂತಿರುತ್ತಾರೆ. ನೀವು ಇದನ್ನು ಚೆಂಬು ಹಿಡಿದು ಕೂರುವುದು ಅಂದಿರಿ.

ಊಟ ಸರಿ ಇದೆ. ಮೊಣಕಾಲು ಸರಿ ಇದೆ. ಎಲ್ಲ ಸರಿ ಇದೆ.

ಚಿನ್ಮಯ


ಹಡರ್ಸ್‌ಫೀಲ್ಡ್
23 ಜೂನ್ 2002

ಚಿನ್ಮಯ,

ಎಲ್ಲ ಸರಿ ಇದೆಯಂತೆ. ಮಲ್ಲಪ್ಪ ತನ್ನ ಕಂಪ್ಯೂಟರಿನಲ್ಲಿ ನಿಮ್ಮ ತಂಡದ ಆಟಗಳ ಪಟ್ಟಿ ತೆಗೆದು ನನಗೆ ಓದಿ ಹೇಳಿದ. ಇಪ್ಪತ್ತನಾಲ್ಕು ಆಟ. ಯಾವುದರಲ್ಲೂ ನಿನ್ನ ಹೆಸರಿಲ್ಲ. ಒಂದು ಚೆಂಡೂ ಇಲ್ಲ. ಅಂಗಿಗೆ ಹೆಸರು ಹೊಲಿದ ವಿಷಯ ಹೆಮ್ಮೆಯಿಂದ ಬರೆದವನು ಇದನ್ನು ಒಂದು ಸಾಲು ಬರೆಯಲಿಲ್ಲ. ಹಾಗಾದರೆ ಅಲ್ಲಿ ಏನು ಮಾಡುತ್ತೀ? ಆಟ ಶುರುವಾಗುವ ಮೊದಲು ಎಸೆಯುವವರ ತೋಳು ಬಿಸಿ ಮಾಡಿಸಿ, ಆಮೇಲೆ ಬೆಂಚಿನ ಮೇಲೆ ಕೂರುತ್ತೀ, ಅಲ್ಲವೇ?

ನನ್ನ ದವಾಖಾನೆಗೆ ಬರುವ ಮುದುಕ ಗಿರಾಕಿಗಳೆಲ್ಲ ಕೇಳುತ್ತಾರೆ, ಮಗ ಯಾವ ವರ್ಷ ಡಾಕ್ಟರ್ ಎಂದು. ಒಬ್ಬ ಹಳೆ ಮಿಲ್ಲಿನ ಫೋರ್‌ಮನ್‌ಗೆ ನಿಜ ಹೇಳಿದೆ. ಅವನು ರಕ್ತದೊತ್ತಡದ ಪಟ್ಟಿ ತೋಳಿಗೆ ಕಟ್ಟಿಸಿಕೊಂಡೇ, ಯಾರ್ಕ್‌ಷೈರಿನಲ್ಲಿ ಹುಟ್ಟಿದ್ದರೆ ಕ್ರಿಕೆಟ್ ಆಡುತ್ತಿದ್ದ, ಹುಡುಗನನ್ನು ಕ್ಷಮಿಸಿ ಎಂದ. ಅವನ ಒತ್ತಡ ಇಳಿದಿತ್ತು, ನನ್ನದು ಏರಿತ್ತು.

ಇನ್ನೊಂದು. ಆ ಪ್ರಾಂಪ್ಟರ್ ಎಂಬ ಮಾತು ಮತ್ತೊಮ್ಮೆ ನನಗೆ ಬರೆಯಬೇಡ. ನಿಮ್ಮ ಅಜ್ಜ ಆ ಕಂಪನಿಯಲ್ಲಿ ರಾಜಾಪಾರ್ಟು ಹಾಕಿದವರು. ನಮ್ಮ ಮನೆಯಲ್ಲಿ ಯಾರೂ ಕತ್ತಲಲ್ಲಿ ಕೂತು ಪಿಸುಗುಟ್ಟಿ ಹೊಟ್ಟೆ ಹೊರೆದಿಲ್ಲ.

ನಿನ್ನ ತಂದೆ


ಇಂಡಿಯಾನಾ
19 ಜುಲೈ 2002

ಅಪ್ಪಾಜಿ,

ಹೌದು, ಬೆಂಚು. ಆರು ವಾರ ಬೆಂಚು. ಬರೆಯಲಿಲ್ಲ, ಯಾಕೆಂದರೆ ನೀವು ಏನು ಬರೆಯುತ್ತೀರೆಂದು ಗೊತ್ತಿತ್ತು, ನೀವು ಅದನ್ನೇ ಬರೆದಿರಿ.

ಈಗ ಕೇಳಿ. ಮೊದಲ ಕ್ಯಾಚರ್ ಹೆಬ್ಬೆರಳು ಮುರಿದುಕೊಂಡ. ಎರಡನೆಯವನನ್ನು ಮತ್ತೊಂದು ತಂಡ ಕೊಂಡೊಯ್ದಿತು. ಹತ್ತು ದಿನದ ಹಿಂದೆ, ಮಂಗಳವಾರ, ಎರಡು ಸಾವಿರ ಜನರ ಎದುರು ನಾನು ಕೂತೆ. ಎರಡು ಆಟ ಪೂರ್ತಿ ಆಡಿದೆ. ಮಲ್ಲಪ್ಪ ಮಾಮಾಗೆ ಹೇಳಿ, ಪಟ್ಟಿ ತೆಗೆಯಲಿ.

ಮೂರನೇ ಆಟದಲ್ಲಿ ಬ್ಯಾಟಿಗೆ ತಾಗಿ ತಿರುಗಿದ ಚೆಂಡು ನೇರ ಎದೆಗೆ ಬಡಿಯಿತು. ಕವಚ ಇತ್ತು. ಆದರೆ ಕವಚದ ಕೆಳಗೆ ಲಿಂಗವಿರುವ ಬೆಳ್ಳಿಯ ಕರಡಿಗೆ ಇತ್ತು. ಅದು ಎದೆಯ ಮೂಳೆಗೆ ನಾಟಿ ಉಸಿರು ನಿಂತುಹೋಯಿತು. ಟ್ರೇನರ್ ಅಂಗಿ ಕತ್ತರಿಸಿ ನೋಡಿದ. ಎಕ್ಸ್‌ರೇ ತೆಗೆಸಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಇದನ್ನು ತೆಗೆ, ಇಲ್ಲವೇ ಆಡಬೇಡ ಅಂದ. ಮ್ಯಾನೇಜರನೂ ಅದನ್ನೇ ಅಂದ. ನಿಮ್ಮಿಂದ ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ: ಎದೆಯ ಮೇಲಿಂದ ತೆಗೆದೆ.

ಬಸ್ಸು ಹಾರ್ನ್ ಹೊಡೆಯುತ್ತಿದೆ, ಹುಡುಗರು ಕೂಗುತ್ತಿದ್ದಾರೆ. ಉಳಿದದ್ದು ಮುಂದಿನ ಕಾಗದದಲ್ಲಿ. ಅವ್ವನಿಗೆ ಬಿರುಕಿನ ಸುದ್ದಿ ಹೇಳಬೇಡಿ.

ಚಿನ್ಮಯ


ಹಡರ್ಸ್‌ಫೀಲ್ಡ್
30 ಜುಲೈ 2002

ಚಿನ್ಮಯ,

ಕಾಗದ ತಲುಪಿತು. ನಿಮ್ಮವ್ವನಿಗೆ ತೋರಿಸಿಲ್ಲ.

ಮೂರನೇ ಮಾತು ಏನಿತ್ತೆಂದು ನಿನಗೆ ನೆನಪಿದೆ. ಇನ್ನು ನನಗೆ ಬರೆಯಬೇಕಾಗಿಲ್ಲ.

ಶರಣಪ್ಪ


ಇಂಡಿಯಾನಾ
14 ಆಗಸ್ಟ್ 2002

ಡಾಕ್ಟರ್ ಶರಣಪ್ಪನವರಿಗೆ,

ನೀವು ತಂದೆ ಎಂದು ಸಹಿ ಹಾಕಲಿಲ್ಲ, ಹಾಗಾಗಿ ನಾನೂ ಡಾಕ್ಟರಿಗೇ ಬರೆಯುತ್ತೇನೆ. ಡಾಕ್ಟರಾದವರು ಮೊದಲು ಪರೀಕ್ಷೆ ಮಾಡುತ್ತಾರೆ, ಆಮೇಲೆ ಕಾಯಿಲೆ ಹೆಸರಿಸುತ್ತಾರೆ. ನೀವು ಮೊದಲೇ ಚೀಟಿ ಬರೆದುಕೊಟ್ಟಿರಿ.

ಎದೆಯ ಮೇಲಿಂದ ತೆಗೆದೆ ಎಂದು ಬರೆದಿದ್ದೆ. ಮೈಮೇಲಿಂದ ಎಂದು ಬರೆದಿರಲಿಲ್ಲ. ಮ್ಯಾನೇಜರ್ ನನ್ನ ಬೀರು ತೋರಿಸಿ, ಇಲ್ಲಿಟ್ಟು ಬೀಗ ಹಾಕು, ಆಟ ಮುಗಿದ ಮೇಲೆ ಕಟ್ಟಿಕೋ ಅಂದ. ಆಗುವುದಿಲ್ಲ ಅಂದೆ. ಅವನು ಸಿಟ್ಟಿನವನಲ್ಲ, ಆದರೆ ಅವನಿಗೆ ಇದು ಕೊರಳ ಸರ. ಸರಕ್ಕಾಗಿ ಆಟ ಬಿಡುತ್ತೀಯಾ ಎಂದ. ಸರ ಅಲ್ಲ, ಇದು ಇಳಿದರೆ ನಾನೂ ಇಳಿಯುತ್ತೇನೆ ಅಂದೆ. ನಾಲ್ಕು ಆಟ ಬೆಂಚಿನ ಮೇಲೆ ಕೂರಿಸಿದ. ಆರು ವಾರ ಕಾದು ಸಿಕ್ಕ ಜಾಗ ಬಿಟ್ಟು ಕೂತೆ. ಆ ನಾಲ್ಕು ದಿನ ಬಿರುಕಿಗಿಂತ ಹೆಚ್ಚು ನೋಯಿಸಿದವು.

ಐದನೇ ದಿನ ಸಿದ್ದವ್ವಾಯಿ ನೆನಪಾದಳು, ನಿಮ್ಮ ತಾಯಿ. ಕೊರಳಲ್ಲಿ ಹುಣ್ಣಾದಾಗ ಅವಳು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಂಡಿದ್ದಳು. ಹೊಕ್ಕಳಿನ ಕೆಳಗೆ ಇಳಿಯಬಾರದು, ಮೈಬಿಟ್ಟು ಹೋಗಬಾರದು, ಇಷ್ಟೇ ನೋಡಪಾ ಅಂತಿದ್ದಳು. ಬೆಳ್ಳಿ ಕರಡಿಗೆ ಪೆಟ್ಟಿಗೆಗೆ ಹಾಕಿದೆ. ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಎಡ ರಟ್ಟೆಯ ಮೇಲೆ ಕಂಕುಳ ಹತ್ತಿರ, ಶಿವದಾರದಿಂದಲೇ ಬಿಗಿದೆ. ಟ್ರೇನರ್ ಒತ್ತಿ ನೋಡಿ, ಆಡು ಎಂದ. ಅವತ್ತಿನಿಂದ ಎಂಟು ಆಟ ಆಡಿದ್ದೇನೆ.

ನಾನು ಇಲ್ಲಿ ಆ ಮನುಷ್ಯನ ಎದುರು ನಿಮ್ಮ ಮಾತು ಕಾದು ಕೂತೆ, ನೀವು ಅಲ್ಲಿ ನನ್ನನ್ನು ಮನೆಯಿಂದ ಹೊರಗೆ ಹಾಕಿದಿರಿ.

ಮೊದಲ ಮಾತು ಉಳಿಸಿದ್ದೇನೆ, ಕನ್ನಡದಲ್ಲಿದೆ. ಮೂರನೆಯದೂ ಉಳಿಸಿದ್ದೇನೆ. ಎರಡನೆಯದನ್ನು ಬೇಕೆಂದೇ ಮುರಿಯುತ್ತೇನೆ. ಸೆಪ್ಟೆಂಬರ್ 20ಕ್ಕೆ ನಾನು ನಾಟಿಂಗ್‌ಹ್ಯಾಮಿಗೆ ಬರುವುದಿಲ್ಲ. ಋತು ಮುಗಿದ ಮೇಲೆ ಮಾಮಾನ ಮನೆಯಲ್ಲಿ ಇರುತ್ತೇನೆ. ಮುಂದಿನ ವರ್ಷ ಇಲ್ಲಿಗೇ ಮರಳುತ್ತೇನೆ.

ಚಿನ್ಮಯ


ಹಡರ್ಸ್‌ಫೀಲ್ಡ್
5 ನವೆಂಬರ್ 2002

ಚಿನ್ಮಯ,

ನೀನು ಮ್ಯಾಕಲ್ಸ್‌ಫೀಲ್ಡಿಗೆ ಬಂದು ಏಳು ವಾರವಾಯಿತು. ಮೂವತ್ತೈದು ಮೈಲಿ. ಸಮುದ್ರದ ಆಚೆ ಇದ್ದಾಗ ಬಂದಷ್ಟು ಕಾಗದವೂ ಈಗ ಬರಲಿಲ್ಲ. ನಿಮ್ಮವ್ವ ರವಿವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಿನ್ನಲ್ಲಿಗೆ ಬರುತ್ತಾಳೆ. ಕಾರು ನಡೆಸುವವನು ನಾನೇ. ಮಾಮಾನ ಮನೆಯ ತಿರುವಿನಲ್ಲಿ ನಿಲ್ಲಿಸಿ ಒಂದು ತಾಸು ರೇಡಿಯೋ ಕೇಳುತ್ತೇನೆ. ಇದು ನಿನಗೆ ಗೊತ್ತಿಲ್ಲ.

ಮೊನ್ನೆ ಲೀಡ್ಸ್‌ನ ಹಾಲ್‌ನಲ್ಲಿ ರಾಜ್ಯೋತ್ಸವ ಇತ್ತು. ಪ್ರತಿ ವರ್ಷದಂತೆ ನನ್ನ ದರ್ಬಾರಿನ ಸ್ವಗತ. ಕಿರೀಟ ಇಟ್ಟುಕೊಳ್ಳುತ್ತಿದ್ದಾಗ ಮೂಳೆ ಡಾಕ್ಟರ್ ಉಮಾಶಂಕರ ಬಂದ. ಜನ ಕೇಳುವ ಹಾಗೆ, ‘ಏನ್ರೀ ಶರಣಪ್ಪನವರೇ, ನಿಮ್ಮ ಮಗ ಈಗ ಗ್ಲವ್ ಹಾಕೋದು ಆಪರೇಷನ್‌ಗೆ ಅಲ್ವಂತಲ್ಲ’ ಅಂದ. ನಕ್ಕರು. ನಾನೂ ನಕ್ಕೆ.

ರಂಗಕ್ಕೆ ಬಂದೆ. ಇನ್ನೂರು ಜನ. ಮೂರು ಸಾಲು ಗುಡುಗಿದೆ. ನಾಲ್ಕನೆಯದು ಬರಲಿಲ್ಲ. ಇಪ್ಪತ್ತು ವರ್ಷ ಹೇಳಿದ ಮಾತು, ಒಣಗಿದ ಬಾವಿಯ ಹಾಗೆ ಬಾಯಿ ತೆರೆದು ನಿಂತೆ. ಆಗ ಪರದೆಯ ಸಂದಿಯಿಂದ ಒಂದು ಪಿಸುಮಾತು ಬಂತು. ನಿಮ್ಮವ್ವ. ನೀಲಾಂಬಿಕಾ. ಅಡಿಗೆಮನೆಯಲ್ಲಿ ನಾನು ಒದರುವುದನ್ನು ಕೇಳಿ ಕೇಳಿ ಪೂರ್ತಿ ಸ್ವಗತ ಅವಳಿಗೆ ಬಾಯಿಪಾಠ. ನಾಲ್ಕನೇ ಸಾಲು ಎತ್ತಿಕೊಟ್ಟಳು.

ಚಿನ್ಮಯ, ಆ ಸಾಲು ನಾನು ಹೇಳಲಿಲ್ಲ. ಕಿರೀಟ ತೆಗೆದೆ. ಎಲ್ಲರೆದುರು ಹೇಳಿದೆ: ‘ನನ್ನ ಅಪ್ಪ ರಾಜಾಪಾರ್ಟು ಹಾಕಿದವನಲ್ಲ. ಪ್ರಾಂಪ್ಟರ್. ಹದಿನೇಳು ನಾಟಕ ಬಾಯಿಪಾಠ ಇದ್ದವನ ಹೆಸರು ಒಂದು ಹ್ಯಾಂಡ್‌ಬಿಲ್ಲಿನಲ್ಲೂ ಬರಲಿಲ್ಲ. ನಲವತ್ತು ವರ್ಷದಿಂದ ನಾನು ಎಲ್ಲರಿಗೂ ಸುಳ್ಳು ಹೇಳುತ್ತಾ ಬಂದೆ. ನನ್ನ ಮಗನೂ ಅದೇ ಕೆಲಸ ಹಿಡಿದಿದ್ದಾನೆ. ಉಮಾಶಂಕರ, ನಿನ್ನ ಆಪರೇಷನ್ನಿನಲ್ಲಿ ನಿನಗೆ ಕತ್ತರಿ ಎತ್ತಿಕೊಡುವವರ ಹೆಸರು ನಿನಗೆ ಗೊತ್ತಿದ್ದರೆ ಈಗ ಎದ್ದು ನಿಂತು ಹೇಳು.’ ಅವನು ಏಳಲಿಲ್ಲ. ನರ್ಸ್ ಚನ್ನಮ್ಮ ಹಿಂದಿನ ಸಾಲಿನಿಂದ ಚಪ್ಪಾಳೆ ಶುರು ಮಾಡಿದಳು.

ನಿನ್ನ ಜುಲೈ ಕಾಗದ ತೆಗೆದು ಮತ್ತೆ ಓದಿದೆ. ‘ಎದೆಯ ಮೇಲಿಂದ’ ಎಂದು ಸ್ಪಷ್ಟ ಇದೆ. ನಾನು ‘ತೆಗೆದೆ’ ಒಂದನ್ನೇ ಓದಿ ಕಾಗದ ಮಡಿಸಿದ್ದೆ. ಹಾಗೆ ಓದಿದ್ದು ನನ್ನ ತಪ್ಪು.

ಕಾಲೇಜಿನಿಂದ ಒಂದು ಪತ್ರ ಬಂದಿದೆ. ನಿನ್ನ ಮಾರ್ಕು ಚೆನ್ನಾಗಿದ್ದವು, ಹಾಗಾಗಿ ಸೆಪ್ಟೆಂಬರ್ ತಪ್ಪಿಸಿದ್ದರೂ ಬರುವ ಮಾರ್ಚ್ 31ರ ಐದು ಗಂಟೆಯೊಳಗೆ ಸಹಿ ಮಾಡಿ ಮರಳಿಸಿದರೆ ಸೀಟು ಉಳಿಯುತ್ತದಂತೆ. ತೆಗೆದಿಟ್ಟಿದ್ದೇನೆ.

ನಿನ್ನ ತಂದೆ


ಮ್ಯಾಕಲ್ಸ್‌ಫೀಲ್ಡ್
9 ನವೆಂಬರ್ 2002

ಅಪ್ಪಾಜಿ,

ತಿರುವಿನಲ್ಲಿ ನಿಲ್ಲುವ ನೀಲಿ ಕಾರು ಮೊದಲ ವಾರದಿಂದ ಗೊತ್ತು. ನಿಮ್ಮ ರೇಡಿಯೋ ಮಾಮಾನ ಅಡಿಗೆಮನೆಗೆ ಕೇಳುತ್ತದೆ. ಯಾರು ಮೊದಲು ಸೋಲುತ್ತಾರೆಂದು ನಾನೂ ಮಾಮಾನೂ ನೋಡುತ್ತಿದ್ದೆವು. ಈ ರವಿವಾರ ಎಂಜಿನ್ ಆರಿಸಿ ಒಳಗೆ ಬನ್ನಿ.

ಕಾಲೇಜಿನ ಕಾಗದ ಹರಿದುಹಾಕಿ. ಮೇ ತಿಂಗಳಲ್ಲಿ ಇಂಡಿಯಾನಾ ನನ್ನನ್ನು ಕಾಯುತ್ತಿದೆ.

ಅಜ್ಜನ ಹೆಸರು ನನಗೆ ಹೇಳಿದ್ದೀರಿ, ನಿಜವಾದ ಕೆಲಸ ಹೇಳಿರಲಿಲ್ಲ. ಆ ಹದಿನೇಳು ನಾಟಕಗಳ ಹೆಸರು ಬರೆದು ಕಳಿಸಿ.

ಚಿನ್ಮಯ


ಮ್ಯಾಕಲ್ಸ್‌ಫೀಲ್ಡ್
20 ಮಾರ್ಚ್ 2003

ಅಪ್ಪಾಜಿ,

ಇಂಡಿಯಾನಾದವರು ಬೇರೆ ಕ್ಯಾಚರನನ್ನು ತಗೊಂಡರು. ನನ್ನನ್ನು ಬಿಟ್ಟಿದ್ದಾರೆ. ಆ ಕಾಗದ ಹರಿದಿಲ್ಲ ತಾನೇ? ಅಂಚೆಗೆ ಹಾಕಿ, ಸಹಿ ಮಾಡಿ ಕಳಿಸುತ್ತೇನೆ.

ಚಿನ್ಮಯ


ಹಡರ್ಸ್‌ಫೀಲ್ಡ್
24 ಮಾರ್ಚ್ 2003

ಚಿನ್ಮಯ,

ಹಾಕುವುದಿಲ್ಲ.

ಒಂದು ವರ್ಷ ಈ ಮನೆಯಲ್ಲಿ ಗುಡುಗಿ, ಕುಣಿದು, ಕೇಳಿದ್ದು ಇದೊಂದೇ ಸಹಿ. ಈಗ ನೀನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದೀ, ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ನಿನ್ನ ಕಾಗದವನ್ನು ಈ ಸಲ ನಾಲ್ಕು ಸಲ ಓದಿದೆ. ಅದರಲ್ಲಿ ಒಂದು ಬೈಗುಳ ಇಲ್ಲ, ಒಂದು ಕುಟುಕು ಇಲ್ಲ. ಇದು ನನ್ನ ಮಗ ಬರೆದದ್ದಲ್ಲ, ಯಾರೋ ಸೋತವನು ಅವನ ಕೈಯಿಂದ ಬರೆಸಿದ್ದು.

ಡಾಕ್ಟರಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅನ್ನ ಅದು. ಆದರೆ ಬೇರೆಡೆ ಬಾಗಿಲು ಮುಚ್ಚಿತೆಂದು ಇದರ ಬಾಗಿಲು ತಟ್ಟುವವನ ಕೈಗೆ ನನ್ನ ರೋಗಿಗಳನ್ನು ಕೊಡಲಾರೆ.

ಮಲ್ಲಪ್ಪ ಎಲ್ಲ ಹೇಳಿದ್ದಾನೆ. ಅದೇ ಲೀಗಿನ ಮತ್ತೊಂದು ತಂಡ ಮೇ 3ಕ್ಕೆ ಎಲ್ಲರಿಗೂ ತೆರೆದ ಪರೀಕ್ಷೆ ಇಟ್ಟಿದೆಯಂತೆ. ಫಾರ್ಮು ನಿನ್ನ ಮೇಜಿನ ಮೇಲೆ ಮೂರು ವಾರದಿಂದ ಖಾಲಿ ಬಿದ್ದಿದೆಯಂತೆ. ಇಪ್ಪತ್ತಾರು ಆಟ ಆಡಿದ್ದೀ, ಬ್ಯಾಟು ಬೀಸುವುದರಲ್ಲಿ ಸೊನ್ನೆಗೆ ಹತ್ತಿರ ಇದ್ದೀ, ಅದನ್ನು ಬರೆಯಲು ನಾಚಿಕೆಯಂತೆ.

ಕಾಲೇಜಿನ ಕಾಗದ ಇಲ್ಲೇ, ಅಡಿಗೆಮನೆಯ ಡಬ್ಬಿಯ ಮೇಲೆ ಇದೆ. ಬೀಗವಿಲ್ಲ. ಬಂದು ತಗೊ. ಆದರೆ ನನ್ನೆದುರು ನಿಂತು ಹೇಳಬೇಕು, ‘ನನಗೆ ಕ್ಯಾಚರ್ ಆಗುವುದು ಬೇಡ’ ಎಂದು, ಕನ್ನಡದಲ್ಲಿ, ಹಿಂದಿನ ಸಾಲಿಗೆ ಕೇಳುವ ಹಾಗೆ. ಹೇಳಿದರೆ ಪೆನ್ನು ನಾನೇ ಕೊಡುತ್ತೇನೆ. ಆಮೇಲೆ ಒಂದು ಮಾತು ಎತ್ತುವುದಿಲ್ಲ.

ನಿನ್ನ ತಂದೆ


ಹಡರ್ಸ್‌ಫೀಲ್ಡ್, ನಮ್ಮ ಮನೆ
31 ಮಾರ್ಚ್ 2003, ಮಧ್ಯಾಹ್ನ ಮೂರು

ಅಪ್ಪಾಜಿ,

ನೀವು ದವಾಖಾನೆಯಲ್ಲಿದ್ದೀರಿ, ಹಾಗಾಗಿ ಮೇಜಿನ ಮೇಲೆ ಇದನ್ನು ಇಟ್ಟು ಹೋಗುತ್ತಿದ್ದೇನೆ. ಮಾಮಾನ ಕಾರಿನಲ್ಲಿ ಹೋಮ್‌ಫರ್ತ್ ಊರು ದಾಟುವವರೆಗೆ ನೀವು ಕೊಟ್ಟ ವಾಕ್ಯ ಬಾಯಿಪಾಠ ಮಾಡಿದೆ. ಮನಸ್ಸಿನಲ್ಲಿ ಸರಾಗ ಬರುತ್ತಿತ್ತು. ಇಲ್ಲಿ ಅವ್ವನ ಎದುರು ಗಟ್ಟಿಯಾಗಿ ಹೇಳಿ ನೋಡಿದೆ. ಮೊದಲ ಶಬ್ದಕ್ಕೇ ನಿಂತೆ. ಅವ್ವ ಎತ್ತಿಕೊಡಬಹುದಿತ್ತು. ಕೊಡಲಿಲ್ಲ. ಒಲೆಯ ಕಡೆ ತಿರುಗಿ ನಿಂತಳು.

ಕಾಲೇಜಿನ ಕಾಗದ ಪೂರ್ತಿ ಓದಿದೆ. ಒಳ್ಳೆಯ ಕಾಗದ, ಮರ್ಯಾದೆಯಿಂದ ಬರೆದಿದ್ದಾರೆ. ಸಹಿ ಮಾಡಿಲ್ಲ. ಸಹಿ ಮಾಡುವುದಿಲ್ಲವೆಂದು ನಾನೇ ಫೋನ್ ಮಾಡಿ ತಿಳಿಸಿ, ಧನ್ಯವಾದ ಹೇಳಿದೆ. ಸೀಟು ಕಾಯುತ್ತಿರುವ ಇನ್ನೊಬ್ಬರಿಗೆ ಸಂಜೆಯವರೆಗೂ ಕಾಯುವ ಕೆಲಸ ಬೇಡ.

ಫಾರ್ಮು ತುಂಬಿದೆ. ಆಡಿದ ಆಟ ಇಪ್ಪತ್ತಾರು. ಬ್ಯಾಟಿನ ಅಂಕಿ ಇದ್ದದ್ದು ಇದ್ದ ಹಾಗೆ ಬರೆದೆ, ಒಂದು ಸೊನ್ನೆ ಮುಚ್ಚಲಿಲ್ಲ. ಕೆಳಗೆ ‘ಬೇರೆ ಉದ್ಯೋಗ’ ಎಂಬ ಚೌಕ ಇತ್ತು. ‘ಇಲ್ಲ’ ಎಂದು ಬರೆದೆ. ಅಕ್ಷರ ಸೊಟ್ಟಗಾಗಿದೆ. ತಿದ್ದಲಿಲ್ಲ. ಮೂಲೆಯ ಪೋಸ್ಟ್ ಆಫೀಸಿನಲ್ಲಿ ಹಾಕಿ ಮುಂದೆ ಹೋಗುತ್ತೇನೆ.

ನಾನು, ಮಾಮಾ ಇಬ್ಬರೂ ಗ್ರೀನ್‌ಹೆಡ್ ಪಾರ್ಕಿನಲ್ಲಿ ಇರುತ್ತೇವೆ. ನಿನ್ನೆ ಗಡಿಯಾರ ಮುಂದೆ ತಿರುಗಿಸಿದ್ದಾರೆ, ಏಳೂವರೆಯವರೆಗೆ ಬೆಳಕಿರುತ್ತದೆ. ಕೊನೆಯ ರೋಗಿಯನ್ನು ಕಳಿಸಿ ಬನ್ನಿ. ಟೈ ಬಿಚ್ಚಿ ಬನ್ನಿ. ಮಾಮಾ ಎಸೆದದ್ದು ಅರ್ಧ ಪೊದೆಗೆ ಹೋಗುತ್ತದೆ, ಹೆಕ್ಕಿ ತರಲು ಒಬ್ಬರು ಬೇಕು.

ಮೇ 3ಕ್ಕೆ ನಲವತ್ತು ಮಂದಿ ಕ್ಯಾಚರ್‌ಗಳು ಬರುತ್ತಾರಂತೆ. ಇರುವುದು ಎರಡು ಜಾಗ.

ಬರಲಿ.

ಚಿನ್ಮಯ